ಅಮೆರಿಕದಲ್ಲಿ ಓದುವಾಗ ಯಾವ ಚೆಕಿಂಗ್ ಅಕೌಂಟ್? ಕೈ ಖಾಲಿಯಾದ ದಿನವನ್ನು ನೆನೆದು ಆರಿಸಿ

ಅಮೆರಿಕದ ಕಾಲೇಜುಗಳಲ್ಲಿ ತರಗತಿ ಶುರುವಾಗುವ ವಾರ ಬ್ಯಾಂಕಿನವರೂ ಕ್ಯಾಂಪಸ್ಸಿಗೆ ಬಂದು ಮೇಜು ಹಾಕಿ ಕೂರುತ್ತಾರೆ. ಟೀ ಶರ್ಟ್, ನೀರಿನ ಬಾಟಲಿ, ಜೊತೆಗೆ ಅಕೌಂಟ್ ತೆರೆದರೆ ಇಷ್ಟು ಡಾಲರ್ ಬೋನಸ್ ಅನ್ನುವ ಬೋರ್ಡು. ಹೊಸ ಊರು, ಹೊಸ ದುಡ್ಡು, ನೂರೆಂಟು ಕೆಲಸ. ಹತ್ತಿರ ಸಿಕ್ಕ ಮೇಜಿನಲ್ಲೇ ಸಹಿ ಹಾಕಿ ಬರೋಣ ಅನ್ನಿಸುವುದು ಸಹಜ.

ಬೋನಸ್ ಒಂದೇ ಸಲ ಬರುತ್ತದೆ. ಅಕೌಂಟ್ ನಾಲ್ಕೈದು ವರ್ಷ ನಿಮ್ಮ ಜೊತೆ ಇರುತ್ತದೆ. ಹಾಗಾಗಿ ಹೊಸದಾಗಿ ಹೋಗುವ ಹುಡುಗ ಹುಡುಗಿಯರಿಗೆ ನಾನು ಹೇಳುವುದು ಇಷ್ಟೇ: ಅಕೌಂಟಿನಲ್ಲಿ ದುಡ್ಡು ಇದ್ದಾಗ ಎಲ್ಲ ಬ್ಯಾಂಕೂ ಒಳ್ಳೆಯದೇ. ದುಡ್ಡು ಖಾಲಿಯಾದ ದಿನ ಅದು ನಿಮ್ಮನ್ನು ಹೇಗೆ ನಡೆಸಿಕೊಳ್ಳುತ್ತದೆ ಅನ್ನುವುದನ್ನು ಮೊದಲು ಕೇಳಿ. ವಿದ್ಯಾರ್ಥಿಗಳಿಗೆ ಅಂಥ ದಿನ ಬಂದೇ ಬರುತ್ತದೆ.

ಚೆಕಿಂಗ್ ಅಕೌಂಟ್ ಅಂದರೆ ದಿನದಿನದ ಖರ್ಚಿನ ಅಕೌಂಟ್. ಕ್ಯಾಂಪಸ್ ಕೆಲಸದ ಸಂಬಳ, ಮನೆಯಿಂದ ಬರುವ ಹಣ ಇಲ್ಲಿಗೆ ಬೀಳುತ್ತದೆ. ಬಾಡಿಗೆ, ಫೋನ್ ಬಿಲ್ಲು, ಡೆಬಿಟ್ ಕಾರ್ಡಿನ ಖರ್ಚು ಇಲ್ಲಿಂದ ಹೋಗುತ್ತದೆ. ಭಾರತದಲ್ಲಿ ಈ ಕೆಲಸವನ್ನೆಲ್ಲ ಸೇವಿಂಗ್ಸ್ ಅಕೌಂಟೇ ಮಾಡುತ್ತದೆ. ಅಮೆರಿಕದಲ್ಲಿ ಚೆಕಿಂಗ್, ಸೇವಿಂಗ್ಸ್ ಎರಡೂ ಬೇರೆ ಬೇರೆ. ಚೆಕಿಂಗ್‌ನಲ್ಲಿ ಬಡ್ಡಿ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಆದ್ದರಿಂದ ಬಡ್ಡಿ ದರ ನೋಡಿ ಹೋಲಿಸುತ್ತಾ ಕೂರಬೇಡಿ. ಒಂದಷ್ಟು ಉಳಿತಾಯ ಇದ್ದರೆ ಅದಕ್ಕೆ ಬೇರೆ ಸೇವಿಂಗ್ಸ್ ಅಕೌಂಟ್ ಮಾಡಿಕೊಳ್ಳಬಹುದು.

ಓವರ್‌ಡ್ರಾಫ್ಟ್: ಹೋಲಿಕೆ ಇಲ್ಲಿಂದ ಶುರುವಾಗಲಿ

ಅಕೌಂಟಿನಲ್ಲಿ 20 ಡಾಲರ್ ಇದೆ ಅಂದುಕೊಳ್ಳಿ. ಫೋನ್ ಕಂಪನಿ ತಿಂಗಳ ಬಿಲ್ಲು 45 ಡಾಲರನ್ನು ತಾನಾಗಿಯೇ ಎಳೆದುಕೊಳ್ಳಲು ಬರುತ್ತದೆ. ಬ್ಯಾಂಕ್ ಇದನ್ನು ತಿರಸ್ಕರಿಸಬಹುದು. ಇಲ್ಲವೇ ತಾನೇ ಕೊಟ್ಟು, ನಿಮ್ಮ ಅಕೌಂಟನ್ನು ಮೈನಸ್‌ಗೆ ಇಳಿಸಿ, ಅದರ ಮೇಲೆ ಫೀಸು ಹಾಕಬಹುದು. ಅದೇ ಓವರ್‌ಡ್ರಾಫ್ಟ್ ಫೀಸು. ವೆಲ್ಸ್ ಫಾರ್ಗೋದ ಸಾಮಾನ್ಯ ಅಕೌಂಟಿನಲ್ಲಿ ಅದು 35 ಡಾಲರ್, ಚೇಸ್‌ನಲ್ಲಿ 34. ಚೇಸ್‌ನಲ್ಲಿ ದಿನದ ಕೊನೆಗೆ ಮೈನಸ್ 50 ಡಾಲರ್ ಒಳಗಿದ್ದರೆ ಫೀಸು ಬೀಳುವುದಿಲ್ಲ. ಬ್ಯಾಂಕ್ ಆಫ್ ಅಮೆರಿಕ 2022ರಲ್ಲಿ ಇದನ್ನು 35ರಿಂದ 10 ಡಾಲರಿಗೆ ಇಳಿಸಿತು. ಅದೇ ವರ್ಷ ಕ್ಯಾಪಿಟಲ್ ಒನ್ ಮತ್ತು ಸಿಟಿ ಬ್ಯಾಂಕ್ ಈ ಫೀಸನ್ನು ಪೂರ್ತಿ ತೆಗೆದುಹಾಕಿದವು. ಒಂದೇ ತಪ್ಪಿಗೆ ಒಂದು ಕಡೆ 35 ಡಾಲರ್, ಇನ್ನೊಂದು ಕಡೆ ಸೊನ್ನೆ. ಬ್ಯಾಂಕುಗಳ ನಡುವೆ ಇಷ್ಟು ದೊಡ್ಡ ವ್ಯತ್ಯಾಸ ಬೇರೆ ಯಾವುದರಲ್ಲೂ ನಿಮಗೆ ಕಾಣುವುದಿಲ್ಲ.

ಇದರಲ್ಲಿ ಒಂದು ಸೂಕ್ಷ್ಮ ಇದೆ. 2010ರಿಂದ ಇರುವ ನಿಯಮದ ಪ್ರಕಾರ, ಎಟಿಎಂನಲ್ಲಿ ಹಣ ತೆಗೆದಾಗ ಅಥವಾ ಅಂಗಡಿಯಲ್ಲಿ ಡೆಬಿಟ್ ಕಾರ್ಡ್ ಉಜ್ಜಿದಾಗ ಓವರ್‌ಡ್ರಾಫ್ಟ್ ಫೀಸು ಹಾಕಬೇಕಾದರೆ ಬ್ಯಾಂಕ್ ಮೊದಲೇ ನಿಮ್ಮ ಒಪ್ಪಿಗೆ ಪಡೆದಿರಬೇಕು. ಅಕೌಂಟ್ ತೆರೆಯುವಾಗ "ಕಾರ್ಡ್ ಓವರ್‌ಡ್ರಾಫ್ಟ್ ಸೌಲಭ್ಯ ಬೇಕಾ?" ಅಂತ ಕೇಳುವುದು ಈ ಒಪ್ಪಿಗೆಗಾಗಿ. ಸೌಲಭ್ಯ ಅನ್ನುವ ಮಾತು ಕೇಳಿ ಹೂಂ ಅನ್ನಬೇಡಿ. ಬೇಡ ಅನ್ನಿ. ಆಗ ದುಡ್ಡಿಲ್ಲದಿದ್ದರೆ ಕಾರ್ಡ್ ನಡೆಯುವುದಿಲ್ಲ, ಅಷ್ಟೇ. ಕೌಂಟರಿನ ಮುಂದೆ ಎರಡು ನಿಮಿಷ ಮುಜುಗರ ಆಗಬಹುದು, 35 ಡಾಲರ್ ಉಳಿಯುತ್ತದೆ.

ಆದರೆ ಈ ನಿಯಮ ಚೆಕ್ಕಿಗೂ ತಿಂಗಳಿಗೊಮ್ಮೆ ತಾನಾಗಿ ಹೋಗುವ ಪಾವತಿಗೂ ಅನ್ವಯಿಸುವುದಿಲ್ಲ. ನೀವು ಬೇಡ ಅಂದಿದ್ದರೂ ಅವುಗಳ ಮೇಲೆ ಫೀಸು ಬೀಳಬಹುದು. ದೊಡ್ಡ ಬ್ಯಾಂಕುಗಳ ಈ ಫೀಸಿಗೆ 5 ಡಾಲರ್ ಮಿತಿ ಹಾಕುವ ನಿಯಮವನ್ನು 2024ರ ಡಿಸೆಂಬರಿನಲ್ಲಿ ಅಲ್ಲಿನ ಗ್ರಾಹಕ ಹಣಕಾಸು ರಕ್ಷಣಾ ಸಂಸ್ಥೆ ತಂದಿತ್ತು. ಅದು ಜಾರಿಗೆ ಬರುವ ಮೊದಲೇ, 2025ರಲ್ಲಿ, ಅಮೆರಿಕದ ಸಂಸತ್ತು ರದ್ದು ಮಾಡಿತು. ಹಾಗಾಗಿ ನಿಮಗಿರುವ ರಕ್ಷಣೆ ನೀವು ಆರಿಸುವ ಅಕೌಂಟೇ. ಕೇಳಬೇಕಾದ ಪ್ರಶ್ನೆ ನೇರವಾಗಿರಲಿ: "ಈ ಅಕೌಂಟಿನಲ್ಲಿ ಯಾವುದೇ ರೀತಿಯ ಓವರ್‌ಡ್ರಾಫ್ಟ್ ಫೀಸು ಇದೆಯಾ?" ಇಲ್ಲ ಅನ್ನುವ ಅಕೌಂಟ್ ಸಿಕ್ಕರೆ ಅರ್ಧ ಕೆಲಸ ಮುಗಿಯಿತು.

ತಿಂಗಳ ಫೀಸು, ಮತ್ತು ನಿಮ್ಮ ವಯಸ್ಸು

ದೊಡ್ಡ ಬ್ಯಾಂಕಿನ ಸಾಮಾನ್ಯ ಚೆಕಿಂಗ್ ಅಕೌಂಟಿಗೆ ತಿಂಗಳಿಗೆ 10ರಿಂದ 15 ಡಾಲರ್ ಫೀಸು ಇರುತ್ತದೆ. 12 ಡಾಲರ್ ಅಂದರೂ ವರ್ಷಕ್ಕೆ 144. ವಿದ್ಯಾರ್ಥಿಗಳಿಗೆ ಇದನ್ನು ಬಿಡುತ್ತಾರೆ. ಆದರೆ ಹೇಗೆ ಬಿಡುತ್ತಾರೆ ಅನ್ನುವುದರಲ್ಲಿ ವ್ಯತ್ಯಾಸ ಇದೆ. ನಮ್ಮವರು ಜಾಸ್ತಿ ಎಡವುವುದು ಇಲ್ಲೇ.

ಹೆಚ್ಚಿನ ಕಡೆ ಲೆಕ್ಕ ವಯಸ್ಸಿನದು. ಬ್ಯಾಂಕ್ ಆಫ್ ಅಮೆರಿಕದ ಸೇಫ್‌ಬ್ಯಾಲೆನ್ಸ್ ಅಕೌಂಟಿಗೆ ತಿಂಗಳಿಗೆ 4.95 ಡಾಲರ್, 25 ತುಂಬದವರಿಗೆ ಅದು ಇಲ್ಲ. ವೆಲ್ಸ್ ಫಾರ್ಗೋದ ಕ್ಲಿಯರ್ ಆಕ್ಸೆಸ್ ಅಕೌಂಟಿಗೆ 5 ಡಾಲರ್, 24 ವಯಸ್ಸಿನವರೆಗೆ ಇಲ್ಲ. ಈ ಎರಡರಲ್ಲೂ ಓವರ್‌ಡ್ರಾಫ್ಟ್ ಫೀಸು ಇಲ್ಲ ಅನ್ನುವುದು ದೊಡ್ಡ ಗುಣ. ಚೇಸ್ ಕಾಲೇಜ್ ಚೆಕಿಂಗ್ ತೆರೆಯುವಾಗ ವಯಸ್ಸು 17ರಿಂದ 24ರೊಳಗೆ ಇರಬೇಕು. ಓದು ಮುಗಿಯುವವರೆಗೆ, ಹೆಚ್ಚೆಂದರೆ ಐದು ವರ್ಷ, ಫೀಸಿಲ್ಲ. ಬ್ಯಾಂಕುಗಳು ಇಂಥ ಅಂಕಿಗಳನ್ನು ಆಗಾಗ ಬದಲಿಸುತ್ತವೆ, ಸಹಿ ಹಾಕುವ ದಿನ ಫೀಸಿನ ಪಟ್ಟಿಯನ್ನು ಇನ್ನೊಮ್ಮೆ ನೋಡಿ.

ಪದವಿ ಓದಲು ಹೋಗುವ 18ರ ಹುಡುಗಿಗೆ ಇದೆಲ್ಲ ಸರಿ. ಆದರೆ ಎರಡು ಮೂರು ವರ್ಷ ಕೆಲಸ ಮಾಡಿ, 25 ಅಥವಾ 26ಕ್ಕೆ ಎಂ.ಎಸ್. ಮಾಡಲು ಹೋಗುವವರ ಕಥೆ? ಅವರೂ ವಿದ್ಯಾರ್ಥಿಗಳೇ, ಆದರೆ ಈ ರಿಯಾಯಿತಿ ಅವರಿಗೆ ಸಿಗದೇ ಹೋಗಬಹುದು. ಕೆಲವರಿಗೆ ಅಕೌಂಟ್ ತೆರೆಯುವಾಗ 24 ಇರುತ್ತದೆ, ಮುಂದಿನ ವರ್ಷದಿಂದ ಸದ್ದಿಲ್ಲದೆ ಫೀಸು ಶುರುವಾಗುತ್ತದೆ. ಆ ವಯಸ್ಸಿನವರು ವಿದ್ಯಾರ್ಥಿ ಅಕೌಂಟ್ ಹುಡುಕುವುದನ್ನೇ ಬಿಟ್ಟು, ಯಾರಿಗೂ ಫೀಸಿಲ್ಲದ ಅಕೌಂಟ್ ಹುಡುಕುವುದು ಒಳ್ಳೆಯದು. ಅಂಥವು ಕ್ರೆಡಿಟ್ ಯೂನಿಯನ್ ಅನ್ನುವ ಸಹಕಾರಿ ಸಂಸ್ಥೆಗಳಲ್ಲಿ ಮತ್ತು ಆನ್‌ಲೈನ್ ಬ್ಯಾಂಕುಗಳಲ್ಲಿ ಸಿಗುತ್ತವೆ.

ಸಂಬಳ ನೇರವಾಗಿ ಅಕೌಂಟಿಗೆ ಬಂದರೆ ಫೀಸು ಇಲ್ಲ ಅನ್ನುವ ಷರತ್ತೂ ಇರುತ್ತದೆ. ವಿದ್ಯಾರ್ಥಿಗೆ ಅದನ್ನು ನಂಬಿಕೊಳ್ಳುವುದು ಕಷ್ಟ. ಬೇಸಿಗೆ ರಜೆಯಲ್ಲಿ ಕ್ಯಾಂಪಸ್ ಕೆಲಸ ನಿಂತರೆ ಸಂಬಳವೂ ಇಲ್ಲ, ರಿಯಾಯಿತಿಯೂ ಇಲ್ಲ.

ದೊಡ್ಡ ಬ್ಯಾಂಕ್, ಕ್ರೆಡಿಟ್ ಯೂನಿಯನ್, ಆನ್‌ಲೈನ್ ಬ್ಯಾಂಕ್, ಆ್ಯಪ್

ದೊಡ್ಡ ಬ್ಯಾಂಕಿನ ಬಲ ಬ್ರಾಂಚು. ಹೊರದೇಶದಿಂದ ಹೋದ ವಿದ್ಯಾರ್ಥಿಗೆ ಮೊದಲ ತಿಂಗಳು ಇದು ನಿಜಕ್ಕೂ ಬೇಕಾಗುತ್ತದೆ. ಕಾರಣ ಸೋಶಿಯಲ್ ಸೆಕ್ಯೂರಿಟಿ ನಂಬರ್, ಅಂದರೆ ಸಂಬಳ, ತೆರಿಗೆ ಲೆಕ್ಕಕ್ಕೆ ಅಲ್ಲಿನ ಸರ್ಕಾರ ಕೊಡುವ ಗುರುತಿನ ನಂಬರ್. ಎಫ್-1 ಅನ್ನುವ ವಿದ್ಯಾರ್ಥಿ ವೀಸಾದವರಿಗೆ ಕೆಲಸ ಸಿಕ್ಕ ಮೇಲೆಯೇ ಆ ನಂಬರ್ ಸಿಗುವುದು. ಆನ್‌ಲೈನ್ ಅರ್ಜಿಗಳು ಸಾಮಾನ್ಯವಾಗಿ ಆ ನಂಬರ್ ಇಲ್ಲದೆ ಮುಂದಕ್ಕೇ ಹೋಗುವುದಿಲ್ಲ. ಹಾಗಂತ ಅದು ಕಾನೂನಿನ ಕಡ್ಡಾಯ ಏನಲ್ಲ. ಹೊರದೇಶದವರ ಗುರುತಿಗೆ ಪಾಸ್‌ಪೋರ್ಟ್ ನಂಬರನ್ನು ಒಪ್ಪಿಕೊಳ್ಳಲು ಅಲ್ಲಿನ ನಿಯಮದಲ್ಲೇ ಅವಕಾಶ ಇದೆ. ಆದ್ದರಿಂದ ಬ್ರಾಂಚಿಗೆ ಹೋಗಿ. ಪಾಸ್‌ಪೋರ್ಟ್, ವೀಸಾ, ಕಾಲೇಜು ಕೊಡುವ ಐ-20 ಪತ್ರ, ದೇಶದೊಳಗೆ ಬಂದ ದಾಖಲೆಯಾದ ಐ-94ರ ಪ್ರಿಂಟ್, ವಿಳಾಸಕ್ಕೆ ಬಾಡಿಗೆ ಕರಾರು ಅಥವಾ ಕಾಲೇಜಿನ ಪತ್ರ ಇಟ್ಟುಕೊಳ್ಳಿ. ಒಂದು ಬ್ರಾಂಚಿನಲ್ಲಿ ಆಗಲ್ಲ ಅಂದರೆ ಕ್ಯಾಂಪಸ್ಸಿಗೆ ಹತ್ತಿರದ ಬ್ರಾಂಚಿಗೆ ಹೋಗಿ ನೋಡಿ. ಅಲ್ಲಿನವರಿಗೆ ಇಂಥ ಕಾಗದಗಳು ರೂಢಿಯಾಗಿರುತ್ತವೆ.

ಅಲ್ಲೇ ತೆರಿಗೆಯ ಒಂದು ಫಾರ್ಮ್ ಬರುತ್ತದೆ. ಅಮೆರಿಕದ ನಾಗರಿಕರು ಮತ್ತು ತೆರಿಗೆ ಲೆಕ್ಕದಲ್ಲಿ ಅಲ್ಲಿನ ನಿವಾಸಿಗಳಾದವರು ಕೊಡುವುದು ಡಬ್ಲ್ಯೂ-9. ಹೊಸದಾಗಿ ಬಂದ ಎಫ್-1 ವಿದ್ಯಾರ್ಥಿ ಸಾಮಾನ್ಯವಾಗಿ ಮೊದಲ ಐದು ಕ್ಯಾಲೆಂಡರ್ ವರ್ಷ ಅನಿವಾಸಿ. ಅವರು ಕೊಡಬೇಕಾದ್ದು ಡಬ್ಲ್ಯೂ-8 ಬೆನ್. ಅನಿವಾಸಿಗಳ ಬ್ಯಾಂಕ್ ಬಡ್ಡಿಗೆ ಅಲ್ಲಿ ತೆರಿಗೆ ಇಲ್ಲ. ಬ್ಯಾಂಕಿನವರು ಅಭ್ಯಾಸಬಲದಿಂದ ಡಬ್ಲ್ಯೂ-9 ಮುಂದಿಟ್ಟರೆ ನೀವೇ ನೆನಪಿಸಬೇಕು.

ಕ್ರೆಡಿಟ್ ಯೂನಿಯನ್ ಬಗ್ಗೆ ನಮ್ಮ ಹುಡುಗರಿಗೆ ಗೊತ್ತಿರುವುದು ಕಡಿಮೆ. ಅದು ಸದಸ್ಯರೇ ಮಾಲೀಕರಾಗಿರುವ ಸಹಕಾರಿ ಸಂಸ್ಥೆ. ನಮ್ಮ ಊರಿನ ಸಹಕಾರಿ ಸಂಘಗಳನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಎಷ್ಟೋ ವಿಶ್ವವಿದ್ಯಾಲಯಗಳ ಸುತ್ತ ಇಂಥವು ಬೆಳೆದಿವೆ. ಎಂಐಟಿ, ಸ್ಟ್ಯಾನ್‌ಫರ್ಡ್, ಮಿಷಿಗನ್ ಸ್ಟೇಟ್ ಹೆಸರಿನಲ್ಲೇ ಕ್ರೆಡಿಟ್ ಯೂನಿಯನ್‌ಗಳಿವೆ. ಆ ಕಾಲೇಜಿಗೆ ಸೇರಿದರೆ ಸದಸ್ಯರಾಗಬಹುದು. ಸಾಮಾನ್ಯವಾಗಿ 5 ಡಾಲರಿನಷ್ಟು ಸಣ್ಣ ಮೊತ್ತವನ್ನು ಪಾಲಾಗಿ ಇಡಬೇಕು. ಫೀಸು ಕಡಿಮೆ, ಎದುರು ಕೂತವರಿಗೆ ವಿದ್ಯಾರ್ಥಿಗಳ ಕಷ್ಟ ಗೊತ್ತು, ಮುಂದೆ ಕಾರಿಗೆ ಸಾಲ ಬೇಕಾದರೂ ಮಾತಾಡಬಹುದು. ಎಟಿಎಂ ಕಡಿಮೆ ಇರುತ್ತವೆ ಅನ್ನುವ ಹೆದರಿಕೆ ಬೇಡ. ಹಲವು ಯೂನಿಯನ್‌ಗಳು ಸೇರಿ ದೇಶದುದ್ದಕ್ಕೂ 30 ಸಾವಿರಕ್ಕೂ ಹೆಚ್ಚು ಎಟಿಎಂಗಳ ಜಾಲ ಹಂಚಿಕೊಂಡಿವೆ. ನಿಮ್ಮದು ಆ ಜಾಲದಲ್ಲಿದೆಯಾ ಅಂತ ಕೇಳಿ. ಓವರ್‌ಡ್ರಾಫ್ಟ್ ಫೀಸು ಕೆಲವು ಯೂನಿಯನ್‌ಗಳಲ್ಲೂ ಇದೆ, ಅದನ್ನೂ ಕೇಳಿ. ಮನೆಯಿಂದ ಹಣ ತರಿಸುವವರಿಗೆ ಒಂದು ತೊಡಕು: ಕೆಲವು ಯೂನಿಯನ್‌ಗಳಿಗೆ ಹೊರದೇಶದ ಹಣ ನೇರವಾಗಿ ಬರುವುದಿಲ್ಲ, ಮಧ್ಯೆ ಇನ್ನೊಂದು ಬ್ಯಾಂಕ್ ಬೇಕು. ಆ ಬ್ಯಾಂಕೂ ತನ್ನ ಫೀಸು ಹಿಡಿದುಕೊಳ್ಳಬಹುದು.

ಆನ್‌ಲೈನ್ ಬ್ಯಾಂಕುಗಳಲ್ಲಿ ಆಲೈ, ಕ್ಯಾಪಿಟಲ್ ಒನ್ 360 ಹೆಸರು ಜಾಸ್ತಿ ಕೇಳಿಬರುತ್ತದೆ. ಕ್ಯಾಪಿಟಲ್ ಒನ್‌ಗೆ ಒಂದಷ್ಟು ಬ್ರಾಂಚುಗಳೂ ಇವೆ. ತಿಂಗಳ ಫೀಸಿಲ್ಲ, ವಯಸ್ಸಿನ ಲೆಕ್ಕವಿಲ್ಲ, ಓವರ್‌ಡ್ರಾಫ್ಟ್ ಫೀಸಿಲ್ಲ. ನೋಟು ಕಟ್ಟುವುದೇ ಕಷ್ಟ. ಹೋಟೆಲಿನಲ್ಲಿ ಟಿಪ್ಸ್ ಪಡೆಯುವ ಅಲ್ಲಿನ ಹುಡುಗರಿಗೆ ಅದು ತೊಂದರೆ. ಸೋಶಿಯಲ್ ಸೆಕ್ಯೂರಿಟಿ ನಂಬರ್ ಕೈಗೆ ಬಂದವರಿಗೆ, ನೋಟಿನ ವ್ಯವಹಾರ ಇಲ್ಲದವರಿಗೆ ಇವು ತುಂಬಾ ಒಳ್ಳೆಯ ಆಯ್ಕೆ.

ಆ್ಯಪ್‌ಗಳ ವಿಷಯದಲ್ಲಿ ನನ್ನ ಮಾತು ಸ್ವಲ್ಪ ಖಾರವಾಗಿಯೇ ಇರುತ್ತದೆ. ಚೈಮ್‌ನಂಥ ಕಂಪನಿಗಳು ಬ್ಯಾಂಕಲ್ಲ. ಹಿಂದೆ ಬೇರೆ ಬ್ಯಾಂಕ್ ಇರುತ್ತದೆ, ಮುಂದೆ ಆ್ಯಪ್ ಇರುತ್ತದೆ. ಕೆಲವು ಆ್ಯಪ್‌ಗಳಿಗೂ ಬ್ಯಾಂಕಿಗೂ ನಡುವೆ ಮೂರನೆಯ ಕಂಪನಿ ಬೇರೆ. ಹಾಗೆ ನಡುವೆ ಇದ್ದ ಸಿನಾಪ್ಸ್ ಅನ್ನುವ ಕಂಪನಿ 2024ರ ಏಪ್ರಿಲ್‌ನಲ್ಲಿ ದಿವಾಳಿ ಅರ್ಜಿ ಹಾಕಿತು. ಯಾರ ದುಡ್ಡು ಯಾವ ಬ್ಯಾಂಕಿನಲ್ಲಿದೆ ಅನ್ನುವ ಲೆಕ್ಕವೇ ತಾಳೆಯಾಗಲಿಲ್ಲ. ಯೊಟ್ಟಾ, ಜುನೋದಂಥ ಆ್ಯಪ್‌ಗಳಲ್ಲಿ ಹಣ ಇಟ್ಟಿದ್ದ 1 ಲಕ್ಷಕ್ಕೂ ಹೆಚ್ಚು ಜನ ತಮ್ಮದೇ ಹಣ ಮುಟ್ಟಲಾಗದೆ ತಿಂಗಳುಗಟ್ಟಲೆ ಕಾದರು. ಲೆಕ್ಕದಲ್ಲಿ ಕಾಣೆಯಾದದ್ದು 6.5 ಕೋಟಿಯಿಂದ 9.6 ಕೋಟಿ ಡಾಲರ್ ಅಂತ ಕೋರ್ಟ್ ನೇಮಿಸಿದ ಟ್ರಸ್ಟಿ ಅಂದಾಜು ಮಾಡಿದರು. ವಿಮೆ ಇರಲಿಲ್ಲವಾ? ಆ್ಯಪ್‌ಗಳು ಇದೆ ಅಂತಲೇ ಹೇಳಿಕೊಂಡಿದ್ದವು. ಆದರೆ ಬ್ಯಾಂಕಿನಲ್ಲಿಟ್ಟ ಹಣಕ್ಕೆ ವಿಮೆ ಕೊಡುವ ಸರ್ಕಾರಿ ಸಂಸ್ಥೆ ಎಫ್‌ಡಿಐಸಿ ಹಣ ಕೊಡುವುದು ಬ್ಯಾಂಕ್ ಮುಳುಗಿದರೆ. ಇಲ್ಲಿ ಯಾವ ಬ್ಯಾಂಕೂ ಮುಳುಗಿರಲಿಲ್ಲ.

ಎಫ್‌ಡಿಐಸಿ ಹುಟ್ಟಿದ್ದು 1933ರಲ್ಲಿ, ಸಾವಿರಾರು ಬ್ಯಾಂಕುಗಳು ಬಿದ್ದು ಜನರ ಉಳಿತಾಯ ಕೊಚ್ಚಿಹೋದ ಕಾಲದಲ್ಲಿ. ಇಂದು ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 2.5 ಲಕ್ಷ ಡಾಲರ್‌ವರೆಗೆ ರಕ್ಷಣೆ ಇದೆ. ಕ್ರೆಡಿಟ್ ಯೂನಿಯನ್‌ಗಳಿಗೆ ಎನ್‌ಸಿಯುಎ ಅನ್ನುವ ಸರ್ಕಾರಿ ಸಂಸ್ಥೆಯ ಮೂಲಕ ಅಷ್ಟೇ ರಕ್ಷಣೆ. ಹಾಗಾಗಿ ಎರಡರ ನಡುವೆ ಯಾವುದು ಸುರಕ್ಷಿತ ಅನ್ನುವ ಪ್ರಶ್ನೆ ಬೇಡ. ಸೆಮಿಸ್ಟರ್ ಫೀಸು ಇಡುವ ಜಾಗ ಇವೆರಡರಲ್ಲಿ ಒಂದಾಗಿರಲಿ. ಆ್ಯಪ್‌ನಲ್ಲಿ ಬೇಕಾದರೆ ಚಿಲ್ಲರೆ ಖರ್ಚಿನ ದುಡ್ಡು ಇರಲಿ.

ಕಾಲೇಜೇ ಒಂದು ಬ್ಯಾಂಕ್ ತೋರಿಸಿದರೆ

ಕೆಲವು ಕಾಲೇಜುಗಳು ಗುರುತಿನ ಚೀಟಿಗೇ ಡೆಬಿಟ್ ಕಾರ್ಡ್ ಸೇರಿಸಿ ಕೊಡುತ್ತವೆ, ಅಥವಾ ಕಾಲೇಜಿನ ಫೀಸು ಕಳೆದು ಉಳಿದ ವಿದ್ಯಾ ಸಾಲದ ಹಣ ಬರಲು ಇಂಥ ಅಕೌಂಟ್ ಮಾಡಿಸಿ ಅನ್ನುತ್ತವೆ. ಹಿಂದೆ ಇದರಿಂದ ವಿದ್ಯಾರ್ಥಿಗಳು ಪೆಟ್ಟು ತಿಂದಿದ್ದಾರೆ. 2012ರಲ್ಲಿ, ಇಂಥ ಅಕೌಂಟ್ ನಡೆಸುತ್ತಿದ್ದ ಹೈಯರ್ ಒನ್ ಅನ್ನುವ ಕಂಪನಿ, ತಪ್ಪಾಗಿ ಹಾಕಿದ ಫೀಸುಗಳಿಗಾಗಿ ಸುಮಾರು 60 ಸಾವಿರ ವಿದ್ಯಾರ್ಥಿಗಳಿಗೆ ಸುಮಾರು 1.1 ಕೋಟಿ ಡಾಲರ್ ವಾಪಸ್ ಕೊಡಬೇಕಾಯಿತು. 2016ರಿಂದ ನಿಯಮ ಬಿಗಿಯಾಗಿದೆ. ಸರ್ಕಾರಿ ನೆರವಿನ ಹಣ ಪಡೆಯಲು ಇದೇ ಅಕೌಂಟ್ ಬೇಕು ಅಂತ ಕಾಲೇಜು ಒತ್ತಾಯ ಮಾಡುವಂತಿಲ್ಲ. ಬ್ಯಾಂಕಿನ ಜೊತೆಗಿನ ಒಪ್ಪಂದವನ್ನೂ ವೆಬ್‌ಸೈಟಿನಲ್ಲಿ ಹಾಕಬೇಕು. ಕಾಲೇಜಿನ ಲಾಂಛನ ಕಾರ್ಡಿನ ಮೇಲಿದೆ ಅಂದ ಮಾತ್ರಕ್ಕೆ ಅದು ನಿಮಗೆ ಒಳ್ಳೆಯದು ಅಂತ ಆಗುವುದಿಲ್ಲ. ಬೇರೆ ಅಕೌಂಟಿನ ಜೊತೆ ಇಟ್ಟು ನೋಡುವ ಹಾಗೆಯೇ ಅದನ್ನೂ ನೋಡಿ.

ಚೆಕ್ ಬೇಕಾಗುತ್ತದಾ?

ಈ ಕಾಲದಲ್ಲಿ ಯಾರು ಚೆಕ್ ಬರೆಯುತ್ತಾರೆ ಅಂತ ಅನ್ನಿಸಬಹುದು. ಅಮೆರಿಕದಲ್ಲಿ ಎಷ್ಟೋ ಮನೆ ಮಾಲೀಕರು ಬಾಡಿಗೆಯನ್ನು ಇಂದಿಗೂ ಚೆಕ್ಕಿನಲ್ಲೇ ಕೇಳುತ್ತಾರೆ. ಮೇಲೆ ಹೇಳಿದ ಸೇಫ್‌ಬ್ಯಾಲೆನ್ಸ್, ಕ್ಲಿಯರ್ ಆಕ್ಸೆಸ್ ಎರಡರಲ್ಲೂ ಚೆಕ್ ಪುಸ್ತಕ ಇಲ್ಲ. ಓವರ್‌ಡ್ರಾಫ್ಟ್ ಫೀಸು ಇಲ್ಲದಿರುವುದಕ್ಕೂ ಇದಕ್ಕೂ ಸಂಬಂಧ ಇದೆ. ಚೆಕ್ಕೇ ಇಲ್ಲದಿದ್ದರೆ ದುಡ್ಡಿಲ್ಲದ ಅಕೌಂಟಿನ ಮೇಲೆ ಚೆಕ್ ಬಂದು ಬೀಳುವ ಅಪಾಯವೂ ಇಲ್ಲ. ಹಾಸ್ಟೆಲಿನಲ್ಲಿರುವವರಿಗೆ ಇದು ಕೊರತೆಯೇ ಅಲ್ಲ. ಹೊರಗೆ ಮನೆ ಮಾಡುವವರು ಮಾಲೀಕರನ್ನು ಮೊದಲು ಕೇಳಿ, ಆಮೇಲೆ ಅಕೌಂಟ್ ಆರಿಸಿ.

ರೂಮಿನವರ ನಡುವೆ ಲೆಕ್ಕ ಚುಕ್ತಾ ಮಾಡಲು 2017ರಲ್ಲಿ ಬಂದ ಝೆಲ್ ಸಾಕು. ದೊಡ್ಡ ಬ್ಯಾಂಕುಗಳ ಆ್ಯಪ್ ಒಳಗೇ ಅದು ಇರುತ್ತದೆ. ಅದರಲ್ಲಿ ಹೋದ ಹಣ ಕೆಲವೇ ನಿಮಿಷದಲ್ಲಿ ತಲುಪುತ್ತದೆ, ನೀವೇ ಕಳಿಸಿದ್ದಾದರೆ ವಾಪಸ್ ಬರುವುದು ಬಹಳ ಕಷ್ಟ. ನೋಡದ ಮನೆಗೆ ಅಡ್ವಾನ್ಸ್ ಕಳಿಸಿ ಅನ್ನುವವರಿಗೆ ದಯವಿಟ್ಟು ಇದರಲ್ಲಿ ಕಳಿಸಬೇಡಿ.

ಇನ್ನೊಂದು ಮೋಸವನ್ನೂ ಹೇಳಿಬಿಡುತ್ತೇನೆ, ಇದು ವಿದ್ಯಾರ್ಥಿಗಳನ್ನೇ ಹುಡುಕಿಕೊಂಡು ಬರುತ್ತದೆ. ಕೆಲಸ ಕೊಡುತ್ತೇವೆ ಅಂತ ಹೇಳಿ ಚೆಕ್ ಕಳಿಸುತ್ತಾರೆ. ಅದನ್ನು ಜಮೆ ಮಾಡಿ, ಒಂದು ಪಾಲನ್ನು ಬೇರೆಯವರಿಗೆ ಕಳಿಸಿ ಅನ್ನುತ್ತಾರೆ. ನಿಯಮದ ಪ್ರಕಾರ ಬ್ಯಾಂಕ್ ಚೆಕ್ಕಿನ ಹಣದಲ್ಲಿ ಒಂದಷ್ಟನ್ನು ಬೇಗ ಬಳಕೆಗೆ ಬಿಡುತ್ತದೆ. ಬ್ಯಾಲೆನ್ಸ್ ತೋರಿಸಿತು ಅಂದರೆ ಚೆಕ್ ಪಾಸಾಯಿತು ಅಂತ ಅರ್ಥವಲ್ಲ. ವಾರದ ನಂತರ ಅದು ನಕಲಿ ಅಂತ ಗೊತ್ತಾದಾಗ ಪೂರ್ತಿ ಮೊತ್ತ ನಿಮ್ಮ ತಲೆಗೆ ಬರುತ್ತದೆ.

ಹಣ ತರಿಸುವ ದಾರಿ, ತೆಗೆಯುವ ದಾರಿ

ಹೊರದೇಶದ ಬ್ಯಾಂಕಿನಿಂದ ನೇರವಾಗಿ ಹಣ, ಅಂದರೆ ವೈರ್, ಬಂದರೆ ಸಾಮಾನ್ಯವಾಗಿ 15 ಡಾಲರಿನಷ್ಟು ಫೀಸು ಹಿಡಿಯುತ್ತಾರೆ. ಪ್ರತಿ ತಿಂಗಳು ಚಿಕ್ಕ ಮೊತ್ತ ತರಿಸುವುದಕ್ಕಿಂತ ಸೆಮಿಸ್ಟರಿಗೊಮ್ಮೆ ತರಿಸಿದರೆ ಉಳಿತಾಯ. ಮನೆಯವರಿಗೆ ಸ್ವಿಫ್ಟ್ ಕೋಡ್, ಅಂದರೆ ಹೊರದೇಶದ ಹಣಕ್ಕೆ ನಿಮ್ಮ ಬ್ಯಾಂಕನ್ನು ಗುರುತಿಸುವ ಕೋಡ್, ಕೊಡಬೇಕು. ಸಂಬಳಕ್ಕಾಗಿ ಕಾಲೇಜಿಗೆ ಕೊಡುವ ಒಂಬತ್ತು ಅಂಕಿಯ ರೂಟಿಂಗ್ ನಂಬರ್ ಬೇರೆ.

ಬೇರೆ ಜಾಲದ ಎಟಿಎಂನಲ್ಲಿ ಹಣ ತೆಗೆದರೆ ಎಟಿಎಂನವರೂ ಫೀಸು ಹಾಕುತ್ತಾರೆ, ನಿಮ್ಮ ಬ್ಯಾಂಕೂ ಹಾಕಬಹುದು. ಮನೆ ಮತ್ತು ತರಗತಿಯ ನಡುವಿನ ದಾರಿಯಲ್ಲಿ ಯಾವ ಎಟಿಎಂ ಇದೆ ನೋಡಿಕೊಂಡರೆ ಸಾಕು.

ಕಾರ್ಡ್ ಕಳೆದರೆ ತಕ್ಷಣ ತಿಳಿಸಿ. ಎರಡು ಕೆಲಸದ ದಿನಗಳೊಳಗೆ ತಿಳಿಸಿದರೆ ನಿಮ್ಮ ನಷ್ಟ ಹೆಚ್ಚೆಂದರೆ 50 ಡಾಲರ್. ತಡವಾದರೆ 500ರವರೆಗೆ ಹೋಗಬಹುದು. ಸ್ಟೇಟ್‌ಮೆಂಟ್ ಬಂದು 60 ದಿನ ದಾಟಿದರೆ ಆಮೇಲೆ ಹೋದದ್ದಕ್ಕೆ ಮಿತಿಯೇ ಇಲ್ಲ. ಹಾಗಾಗಿ ಪ್ರತಿ ಖರ್ಚಿಗೂ ಫೋನಿಗೆ ಸಂದೇಶ ಕಳಿಸುವ, ಕಾರ್ಡನ್ನು ಒಂದೇ ಒತ್ತಿಗೆ ನಿಲ್ಲಿಸುವ ಆ್ಯಪ್ ಇರುವ ಬ್ಯಾಂಕಿಗೆ ನಾನು ಜಾಸ್ತಿ ಅಂಕ ಕೊಡುತ್ತೇನೆ.

ನಾನಾದರೆ ಯಾವುದು ಆರಿಸುತ್ತೇನೆ

ಈಗಷ್ಟೇ ಇಳಿದ, ಸೋಶಿಯಲ್ ಸೆಕ್ಯೂರಿಟಿ ನಂಬರ್ ಇಲ್ಲದ, 24ರೊಳಗಿನ ವಿದ್ಯಾರ್ಥಿಗೆ: ಕ್ಯಾಂಪಸ್ ಹತ್ತಿರ ಬ್ರಾಂಚ್ ಇರುವ ದೊಡ್ಡ ಬ್ಯಾಂಕ್, ಅದರಲ್ಲಿ ಓವರ್‌ಡ್ರಾಫ್ಟ್ ಫೀಸಿಲ್ಲದ ಅಕೌಂಟ್. 25 ದಾಟಿದವರಿಗೆ ಕಾಲೇಜಿನ ಕ್ರೆಡಿಟ್ ಯೂನಿಯನ್ ಮೊದಲು. ಅದು ನಂಬರ್ ಇಲ್ಲದೆ ಒಪ್ಪದಿದ್ದರೆ ಬ್ಯಾಂಕಿನಲ್ಲಿ ಶುರು ಮಾಡಿ, ನಂಬರ್ ಬಂದ ಮೇಲೆ ಬದಲಿಸಿ. ಅಲ್ಲೇ ಹುಟ್ಟಿ ಬೆಳೆದ ಮಕ್ಕಳಿಗೆ ಆನ್‌ಲೈನ್ ಬ್ಯಾಂಕ್ ಅಥವಾ ಕ್ರೆಡಿಟ್ ಯೂನಿಯನ್ ಎರಡೂ ಚೆನ್ನ. ಅಪ್ಪ ಅಮ್ಮನ ಜೊತೆ ಜಂಟಿ ಅಕೌಂಟ್ ಇದ್ದರೆ ಅದರಲ್ಲಿರುವ ಹಣದ ಮೇಲೆ ಇಬ್ಬರಿಗೂ ಪೂರ್ತಿ ಅಧಿಕಾರ ಇರುತ್ತದೆ, ಪ್ರತಿ ಖರ್ಚೂ ಇಬ್ಬರಿಗೂ ಕಾಣುತ್ತದೆ. ಅದು ಬೇಕಾ ಅಂತ ಮನೆಯಲ್ಲೇ ಕೂತು ಮಾತಾಡಿಕೊಳ್ಳಿ.

ಎರಡು ಅಕೌಂಟ್ ಒಂದೇ ಥರ ಕಂಡರೆ, ಆಗ ಬೋನಸ್ ನೋಡಿ. ಆದರೆ ಷರತ್ತು ಓದಿ. ಇಷ್ಟು ದಿನದೊಳಗೆ ಇಷ್ಟು ಸಲ ಕಾರ್ಡ್ ಬಳಸಬೇಕು, ಇಷ್ಟು ತಿಂಗಳು ಅಕೌಂಟ್ ಮುಚ್ಚಬಾರದು ಅಂತೆಲ್ಲ ಇರುತ್ತದೆ.

ಓದು ಮುಗಿಯುವ ತಿಂಗಳಿಗೆ ಫೋನಿನಲ್ಲಿ ಒಂದು ನೆನಪು ಹಾಕಿಡಿ. ವಿದ್ಯಾರ್ಥಿ ರಿಯಾಯಿತಿ ಮುಗಿದ ಕೂಡಲೇ ಅಕೌಂಟ್ ಸಾಮಾನ್ಯ ಅಕೌಂಟ್ ಆಗುತ್ತದೆ, ಫೀಸು ಶುರುವಾಗುತ್ತದೆ. ಭಾರತಕ್ಕೆ ವಾಪಸ್ ಬರುವವರು ಅಕೌಂಟನ್ನು ಸುಮ್ನೆ ಬಿಟ್ಟು ಬರಬೇಡಿ. ಉಳಿದ ಕೆಲವು ಡಾಲರನ್ನು ತಿಂಗಳ ಫೀಸು ತಿಂದು ಅಕೌಂಟ್ ಮೈನಸ್‌ಗೆ ಹೋಗಬಹುದು. ಹಾಗೆ ಬಾಕಿ ಉಳಿಸಿ ಮುಚ್ಚಿದ ಅಕೌಂಟಿನ ದಾಖಲೆ ಚೆಕ್ಸ್‌ಸಿಸ್ಟಮ್ಸ್ ಅನ್ನುವ ಸಂಸ್ಥೆಯಲ್ಲಿ ಐದು ವರ್ಷ ಇರುತ್ತದೆ, ಮುಂದೆ ಅಲ್ಲಿ ಹೊಸ ಅಕೌಂಟ್ ತೆರೆಯಲು ಹೋದಾಗ ಎಷ್ಟೋ ಬ್ಯಾಂಕುಗಳು ಅದನ್ನು ನೋಡುತ್ತವೆ. ತಾನಾಗಿ ಹೋಗುವ ಪಾವತಿಗಳನ್ನೆಲ್ಲ ನಿಲ್ಲಿಸಿ, ಕೊನೆಯ ಸಂಬಳ ಮತ್ತು ಮನೆಯ ಅಡ್ವಾನ್ಸ್ ವಾಪಸ್ ಬಂದಿದೆಯಾ ನೋಡಿಕೊಂಡು, ಅಕೌಂಟ್ ಮುಚ್ಚಿದ್ದಕ್ಕೆ ಬರಹದಲ್ಲಿ ಪತ್ರ ತೆಗೆದುಕೊಂಡು ವಿಮಾನ ಹತ್ತಿ.